ಕರಿಯ ದಿನದ ಮಳೆ

ಪ್ರವಾಸ ಮಾಡಿ ಬಂದವರನ್ನು ‘ಹೇಗಿತ್ತು?’ ಎಂದು ಕೇಳಿ ನೋಡಿ. ಮೊದಲ ದಿನದ ಸಂಗತಿಯನ್ನು ಉತ್ಸಾಹದಿಂದ ಹೇಳುತ್ತಾರೆ. ನಡುವಿನ ದಿನಗಳನ್ನು ಊಟ, ವಸತಿ, ಖರ್ಚುವೆಚ್ಚಗಳ ಮಾತಿನಲ್ಲಿ ಮುಗಿಸುತ್ತಾರೆ. ಕಡೆಯ ದಿನದ ಸರದಿ ಬಂದಾಗ ‘ಅಂದೇನಿಲ್ಲ, ಊರಿಗೆ ಬಂದೆವು’ ಎಂದುಬಿಡುತ್ತಾರೆ. ಆ ದಿನ ಮಳೆಯೂ ಸುರಿದಿದ್ದರಂತೂ ಮುಗಿಯಿತು. ಅದು ಲೆಕ್ಕಕ್ಕೇ ಇಲ್ಲದ ದಿನ. ನಾನು ಈಗ ನಿಮ್ಮ ಮುಂದೆ ಹೇಳಹೊರಟಿರುವುದು ಅಂಥ ಲೆಕ್ಕಕ್ಕಿಲ್ಲದ ಒಂದು ದಿನದ ಸಂಗತಿಯನ್ನು. ಮೊದಲೆರಡು ದಿನಗಳಲ್ಲಿ ನಾವು ಕಂಡ ಗುಡಿಗೋಪುರಗಳ ವಿವರ ಇಷ್ಟರಲ್ಲಿಯೇ ನನಗೆ ಮಸುಕಾಗಿದೆ. ಆ ಮೂರನೆಯ ದಿನ ಮಾತ್ರ ಅಂಗೈಗೆ ಅಂಟಿದ ಖಾರದಂತೆ ಉಳಿದಿದೆ. ಇದು ಬರಿಯ ಉಪಮೆಯ ಮಾತಲ್ಲವೆಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಧಾರವಾಡದ ನಮ್ಮ ಬಡಾವಣೆಯಲ್ಲಿ ಬೆಳಗಿನ ಹೊತ್ತು ಕಾಲ್ನಡಿಗೆಗೆ ಹೋಗುವವರ ಬಳಗವೊಂದಿದೆ. ಅದು ಸಂಘವಲ್ಲ, ಅದಕ್ಕೆ ಅಧ್ಯಕ್ಷರಿಲ್ಲ, ವಂತಿಗೆಯಿಲ್ಲ, ಆದ್ದರಿಂದ ಜಗಳವೂ ಇಲ್ಲ. ನನ್ನಂಥ ಇಬ್ಬರು ಮೂವರು ಶಾಲಾ ಮಾಸ್ತರರು, ಇಬ್ಬರು ಅಕ್ಕೋರು, ಬ್ಯಾಂಕಿನಿಂದ ನಿವೃತ್ತರಾದ ಗುಮಾಸ್ತರೊಬ್ಬರು, ಒಬ್ಬ ದರ್ಜಿ, ಎಪ್ಪತ್ತು ದಾಟಿದ ಅಂಚೆಯಣ್ಣ, ಕಾಲೇಜಿನ ನಾಲ್ಕಾರು ಹುಡುಗರು, ಕೆಲವರ ಮನೆಯವರು, ಹೀಗೆ ಇಪ್ಪತ್ತೆರಡು ಮಂದಿ. ವರುಷಕ್ಕೊಮ್ಮೆ ಒಂದು ಬಸ್ಸು ಗೊತ್ತುಮಾಡಿಕೊಂಡು ಮೂರು ದಿನ ಹೊರಡುತ್ತೇವೆ. ಬಸ್ಸು ನಮ್ಮನ್ನು ಒಂದು ಊರಿನ ಗಡಿಯಲ್ಲಿ ಇಳಿಸುತ್ತದೆ. ಅಲ್ಲಿಂದ ಒಂದೋ ಎರಡೋ ಹರದಾರಿ ನಾವು ನಡೆಯುತ್ತೇವೆ. ಬಸ್ಸು ನಮ್ಮ ಗಂಟುಮೂಟೆಗಳನ್ನು ಹೊತ್ತು ಮುಂದಿನ ಊರಲ್ಲಿ ಕಾಯುತ್ತದೆ. ‘ನಡೆಯುವವರಿಗೆ ಬಸ್ಸೇಕೆ, ಬಸ್ಸುಳ್ಳವರಿಗೆ ನಡಿಗೆಯೇಕೆ?’ ಎಂದು ನನ್ನ ಮನೆಯವರು ನಗುತ್ತಾರೆ. ಊರಿನ ತನಕ ಒಯ್ಯುವುದಕ್ಕೆ ಬಸ್ಸು ಸಾಕು. ಊರಿನ ಒಳಗೆ ಒಯ್ಯುವುದಕ್ಕೆ ಕಾಲೇ ಬೇಕು ಎಂಬುದು ನನ್ನ ಉತ್ತರ.

ಆ ಸಲ ನಾವು ಆರಿಸಿಕೊಂಡದ್ದು ಹಾವೇರಿ ಸೀಮೆ. 1997ರ ಆಗಸ್ಟಿನವರೆಗೆ ಅದು ನಮ್ಮ ಧಾರವಾಡ ಜಿಲ್ಲೆಯದೇ ಭಾಗವಾಗಿತ್ತು. ಬೇರೆ ಮನೆ ಮಾಡಿದ ತಮ್ಮನನ್ನು ನೋಡಲು ಹೋದಂತೆ ಹೊರಟೆವು. ಮೊದಲನೆಯ ದಿನ ತುಂಗಭದ್ರೆಯ ದಂಡೆಯ ಮೇಲೆ ನಡೆದೆವು. ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥ, ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಚೌಡಯ್ಯದಾನಪುರ, ಅಲ್ಲಿನ ಮುಕ್ತೇಶ್ವರನ ಗುಡಿ, ಇವು ಅಂದಿನ ಪಾಲು. ಎರಡನೆಯ ದಿನ ಸಂಕ್ರಾಂತಿ. ದೇವರಗುಡ್ಡವನ್ನು ಹತ್ತಿದೆವು. ಮಹಾನವಮಿಯ ಕಾಲದಲ್ಲಿ ಅಲ್ಲಿ ಗೊರವಪ್ಪನು ಬಿಲ್ಲನ್ನೇರಿ ಒಂದೇ ಮಾತಿನಲ್ಲಿ ಕಾರಣಿಕ ನುಡಿಯುತ್ತಾನೆ; ಆ ಒಂದು ಮಾತಿನಲ್ಲಿ ರೈತರು ಮುಂದಿನ ಮಳೆಬೆಳೆಗಳನ್ನು ಓದಿಕೊಳ್ಳುತ್ತಾರೆ. ನಾವು ಹೋದಾಗ ಗೊರವಪ್ಪನೂ ಇರಲಿಲ್ಲ, ಬಿಲ್ಲೂ ಇರಲಿಲ್ಲ. ಇದ್ದಿದ್ದರೆ ಮರುದಿನದ ಮಳೆಯ ಸುಳಿವು ಸಿಗುತ್ತಿತ್ತೋ ಏನೋ! ಗುಡ್ಡದ ಮೇಲೆಯೇ ಕುಸುರೆಳ್ಳು ಹಂಚಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ತಿಂದು, ರಾತ್ರಿ ರಾಣೆಬೆನ್ನೂರಿನಲ್ಲಿ ತಂಗಿದೆವು.

ಮರುದಿನ ಬೆಳಗಿನ ಐದು ಗಂಟೆಗೆ ಎದ್ದು ಕಿಟಕಿ ತೆರೆದರೆ ಜಿಟಿಜಿಟಿ ಸದ್ದು. ಪುಷ್ಯ ಮಾಸದಲ್ಲಿ ಮಳೆ! ಮೂಡಣ ಸಮುದ್ರದಲ್ಲಿ ವಾಯುಭಾರ ಕುಸಿದಿದೆಯೆಂದು ಹಿಂದಿನ ರಾತ್ರಿಯೇ ಸುದ್ದಿಯಲ್ಲಿ ಹೇಳಿದ್ದರಂತೆ, ನಾವು ಕೇಳಿರಲಿಲ್ಲ. ಡ್ರೈವರನು ಹಳೆಯ ಕಾಲದ ಮನುಷ್ಯ. ಬಸ್ಸಿನ ತಲೆಯ ಮೇಲಿದ್ದ ಗಂಟುಗಳಿಗೆ ದೊಡ್ಡ ತಾಡಪತ್ರಿಯನ್ನು ಬಿಗಿಯುತ್ತ, “ಇವತ್ತ ಕರಿ ಐತ್ರಿ ಮಾಸ್ತರ. ಕರಿ ದಿನಾ ಯಾರಾದ್ರೂ ಪ್ರಯಾಣಾ ಮಾಡ್ತಾರೇನ್ರಿ? ನಾ ಆವತ್ತ ಹೇಳಿದ್ದೆ” ಎಂದ. ಸಂಕ್ರಾಂತಿಯ ಮರುದಿನ ಕರಿ. ಶುಭಕಾರ್ಯಕ್ಕೂ ಪ್ರಯಾಣಕ್ಕೂ ಆ ದಿನ ಸಲ್ಲದೆಂಬುದು ಹಿಂದಿನಿಂದ ಬಂದ ನಂಬಿಕೆ. ನಾನು ವ್ಯಾಕರಣ ಓದಿದವನು, “ಇದು ಪ್ರಯಾಣದ ಆರಂಭವಲ್ಲಪ್ಪಾ, ಸಮಾಪ್ತಿ, ಸಮಾಪ್ತಿಗೆ ಕರಿಯ ದೋಷವಿಲ್ಲ” ಎಂದು ಸಮಾಧಾನ ಹೇಳಿದೆ. ಆತನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಬೆಳಗಿನ ನಡಿಗೆ ಕೃಷ್ಣಮೃಗಗಳ ಅಭಯಾರಣ್ಯದಲ್ಲಿ ಎಂದು ಗೊತ್ತಾಗಿತ್ತು. 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರುಗಳ ಈ ನೆಲವನ್ನು ಕಾದಿರಿಸಿದ್ದು ಎರಡು ಪ್ರಾಣಿಗಳ ಸಲುವಾಗಿ: ಒಂದು ಕೃಷ್ಣಮೃಗ, ನಮ್ಮ ಹಳ್ಳಿಗರ ಬಾಯಲ್ಲಿ ಚಿಗರಿ, ಇನ್ನೊಂದು ಕೆಲವೆಡೆ ಎರ್ಲಡ್ಡು ಎಂದು ಕರೆಯುವ ದೊಡ್ಡ ಬಸ್ಟರ್ಡ್ ಹಕ್ಕಿ. ಚಿಗರಿ ಉಳಿಯಿತು, ಹಕ್ಕಿ ಅಲ್ಲಿಂದ ಕಾಣೆಯಾಯಿತು. ಬಯಲು ಬೇಕಾದ ಹಕ್ಕಿಗೆ ನಾವು ನೀಲಗಿರಿಯ ತೋಪು ಬೆಳೆಸಿಕೊಟ್ಟೆವು. ಕಾಡು ಬೆಳೆಸುವುದೆಲ್ಲ ಒಳ್ಳೆಯದೇ ಎಂಬ ನಮ್ಮ ತಿಳಿವಳಿಕೆ ಹುಲ್ಲುಗಾವಲಿನ ಜೀವಿಗಳ ಮಟ್ಟಿಗೆ ಸುಳ್ಳಾಯಿತು. ಕೃಷ್ಣಮೃಗವು ತಾನಾಗಿ ತಿರುಗಾಡುವ ನೆಲವೇ ಯಜ್ಞಕ್ಕೆ ಯೋಗ್ಯವಾದ ನೆಲವೆಂದು ಸ್ಮೃತಿಕಾರರು ಹೇಳಿದ್ದಾರೆ. ಆ ಯೋಗ್ಯವಾದ ನೆಲದಲ್ಲಿ ನಾವು ಅರ್ಧ ಗಂಟೆ ನಡೆದೆವು. ಪ್ರತಿಯೊಬ್ಬರ ಚಪ್ಪಲಿಗೂ ಎರಡೆರಡು ಸೇರು ಕೆಸರು ಹತ್ತಿತು. ದೂರದಲ್ಲಿ ಕಪ್ಪು ಬೆನ್ನಿನ ಒಂದು ಗಂಡು ಚಿಗರಿ ಮಳೆಗೆ ಬೆನ್ನು ಕೊಟ್ಟು ನಿಂತಿತ್ತು. ಅದು ನಮ್ಮನ್ನು ಒಮ್ಮೆ ನೋಡಿತು, ನಾವು ಅದನ್ನು ಒಮ್ಮೆ ನೋಡಿದೆವು. ಅಂಚೆಯಣ್ಣನ ಕೊಡೆ ಗಾಳಿಗೆ ತಿರುವುಮುರುವಾಯಿತು. ಎಲ್ಲರೂ ಬಸ್ಸಿಗೆ ಮರಳಿದೆವು.

ನೆನೆದ ಜನರಿಂದ ತುಂಬಿದ ಬಸ್ಸೆಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಎರಚಲು. ಎರಡು ದಿನ ನಗುನಗುತ್ತ ಇದ್ದವರು ಒಬ್ಬರ ಮೇಲೊಬ್ಬರು ಸಿಡುಕತೊಡಗಿದರು. ಬ್ಯಾಂಕಿನವರು, ಇನ್ನು ನಡೆಯುವುದೇನೂ ಇಲ್ಲವಾದ್ದರಿಂದ ನೇರವಾಗಿ ಧಾರವಾಡಕ್ಕೆ ಹೋಗಿಬಿಡೋಣ ಎಂದರು. ಮಧ್ಯಾಹ್ನದೊಳಗೆ ಮನೆ ಸೇರಿದರೆ ಬಾಡಿಗೆಯಲ್ಲಿ ಎಷ್ಟು ಉಳಿಯುತ್ತದೆಂಬ ಲೆಕ್ಕವನ್ನೂ ತಮ್ಮ ಪುಸ್ತಕದಲ್ಲಿ ಬರೆದು ತೋರಿಸಿದರು. ಬಹಳ ಮಂದಿ ತಲೆಯಾಡಿಸಿದರು. ಆದರೆ ಅಂದಿನ ಕಡೆಯ ನಡಿಗೆ ಕಾಗಿನೆಲೆಗೆ. ಕನಕದಾಸರ ಊರಿಗೆ ಕಾಲ್ನಡಿಗೆಯಲ್ಲಿ ಹೋಗಬೇಕೆಂಬುದು ನನ್ನ ಬಹು ದಿನದ ಆಸೆ. ನಾನು ಹಟ ಹಿಡಿದೆ. ನನ್ನ ಹಟಕ್ಕೆ ಒಂದು ದೃಷ್ಟಾಂತವೂ ದಾರಿಯಲ್ಲೇ ಸಿಕ್ಕಿತು.

ರಾಣೆಬೆನ್ನೂರಿನಿಂದ ಹಾವೇರಿಯ ಕಡೆಗೆ ಹೆದ್ದಾರಿಯಲ್ಲಿ ಬರುವಾಗ ಮೋಟೆಬೆನ್ನೂರು ಸಿಗುತ್ತದೆ. 1911ರಲ್ಲಿ ಮೈಲಾರ ಮಹಾದೇವಪ್ಪನವರು ಹುಟ್ಟಿದ ಊರು ಅದು. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಂಡಿಗೆ ನಡೆದು ಹೊರಟಾಗ ಅವರ ಸಂಗಡ ಹೊರಟ 78 ಮಂದಿಯಲ್ಲಿ ಕರ್ನಾಟಕದವರು ಇವರೊಬ್ಬರೇ. ಆಗ ಇವರಿಗೆ ಹತ್ತೊಂಬತ್ತೂ ತುಂಬಿರಲಿಲ್ಲ. ಇಪ್ಪತ್ತನಾಲ್ಕು ದಿನ, ಇನ್ನೂರ ನಲವತ್ತು ಮೈಲು ನಡೆದರು. ಮುಂದೆ 1943ರ ಏಪ್ರಿಲ್ 1ರಂದು, ಇದೇ ಸೀಮೆಯ ಹೊಸರಿತ್ತಿಯಲ್ಲಿ ಸರಕಾರದ ಕಂದಾಯದ ಮೇಲೆ ದಾಳಿ ಮಾಡಿದಾಗ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಎಂಬ ಇಬ್ಬರು ಸಂಗಡಿಗರೊಡನೆ ಗುಂಡಿಗೆ ಬಲಿಯಾದರು. ಇದನ್ನೆಲ್ಲ ನಾನು ಬಸ್ಸಿನಲ್ಲಿ ಎದ್ದು ನಿಂತು ಹೇಳಿ, “ಅವರು ಇನ್ನೂರ ನಲವತ್ತು ಮೈಲು ನಡೆದರು. ನಮಗೆ ನಾಲ್ಕು ಮೈಲು ಆಗದೇನು?” ಎಂದು ಕೇಳಿದೆ. “ಅವರಿಗೆ ಒಂದು ಕಾರಣ ಇತ್ತಲ್ರಿ” ಎಂದರು ಬ್ಯಾಂಕಿನವರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಪಾಠ ಹೇಳುವವರಿಗೆ ಇಂಥ ಪ್ರಸಂಗ ಆಗಾಗ ಬರುತ್ತದೆ.

ಬ್ಯಾಡಗಿ ಮುಟ್ಟಿದಾಗ ಹತ್ತು ಗಂಟೆ. ಮಳೆ ನಿಂತಿತ್ತು. ಬಸ್ಸು ಊರನ್ನು ಹೊಕ್ಕೊಡನೆ, ಕಣ್ಣು ಮುಚ್ಚಿಕೊಂಡವನಿಗೂ ಇದು ಯಾವ ಊರೆಂದು ಮೂಗು ಹೇಳುತ್ತದೆ. ಒಂದು ಸೀನು, ಅದರ ಬೆನ್ನಿಗೆ ಇನ್ನೊಂದು. ಹಂಗಾಮಿನಲ್ಲಿ ಇಲ್ಲಿನ ಪೇಟೆಗೆ ಒಂದೇ ದಿನ ಲಕ್ಷಕ್ಕೂ ಮೀರಿ ಮೆಣಸಿನಕಾಯಿಯ ಚೀಲಗಳು ಬರುವುದುಂಟು. ಬ್ಯಾಡಗಿ ಮೆಣಸಿನಕಾಯಿಯ ಹಿರಿಮೆ ಖಾರದಲ್ಲಿಲ್ಲ, ಬಣ್ಣದಲ್ಲಿದೆ. ಉದ್ದಕ್ಕೆ ತೆಳ್ಳಗೆ ಮೈಯೆಲ್ಲ ಸುಕ್ಕುಗಟ್ಟಿದ್ದು ಕಡ್ಡಿ. ಗಿಡ್ಡಕ್ಕೆ ದಪ್ಪಗಿರುವುದು ಡಬ್ಬಿ. ಮುಖದ ಮೇಲೆ ಸುಕ್ಕು ಬಂದಷ್ಟೂ ಮರ್ಯಾದೆ ಹೆಚ್ಚುವುದು ನಮ್ಮಂಥ ಹಿರಿಯರಿಗೂ ಈ ಕಾಯಿಗೂ ಸಮಾನ ಎಂದು ಅಂಚೆಯಣ್ಣ ಹೇಳಿದರು. ಈ ಕಾಯಿಯಿಂದ ತೆಗೆದ ಕೆಂಪು ಸತ್ವವು ತಿಂಡಿತಿನಿಸುಗಳಿಗಷ್ಟೇ ಅಲ್ಲ, ಹೆಂಗಸರು ತುಟಿಗೆ, ಉಗುರಿಗೆ ಹಚ್ಚಿಕೊಳ್ಳುವ ಬಣ್ಣಕ್ಕೂ ಸೇರುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ನಿಮ್ಮ ಮನೆಯ ಸಾರಿಗೆ ಆ ಚೆಲುವಾದ ಕೆಂಪು ಎಲ್ಲಿಂದ ಬಂತೆಂದು ನೀವು ಕೇಳಿಕೊಂಡಿರಲಾರಿರಿ. ನಾನೂ ಅಲ್ಲಿಯವರೆಗೆ ಕೇಳಿಕೊಂಡಿರಲಿಲ್ಲ.

ಉಪಾಹಾರ ಮುಗಿಸಿ ಹೊರಬಂದಾಗ ಬಿಸಿಲು ಬಿದ್ದಿತ್ತು. ಬಿಸಿಲಿನೊಡನೆ ನಮ್ಮವರ ಮನಸ್ಸೂ ತಿಳಿಯಾಯಿತು. ಧಾರವಾಡಕ್ಕೆ ಹೋಗೋಣವೆಂದವರೇ “ನಡ್ರಿ ಪಂಡಿತರ, ನಿಮ್ಮ ಕನಕದಾಸರನ್ನ ನೋಡೇಬಿಡೂಣು” ಎಂದರು. ಬಸ್ಸು ಕಾಗಿನೆಲೆಯ ದಾರಿಯಲ್ಲಿ ಒಂದಿಷ್ಟು ದೂರ ಹೋಗಿ ನಮ್ಮನ್ನಿಳಿಸಿತು. ಇನ್ನು ಒಂದೂವರೆ ಹರದಾರಿ ನಡಿಗೆ. ಮಳೆಯನ್ನು ನೆಚ್ಚುವಂತಿರಲಿಲ್ಲವಾಗಿ, ಮುಂದೆ ಹೋಗದೆ ಹಿಂದೆಯೇ ಮೆಲ್ಲಗೆ ಬಾ ಎಂದು ಡ್ರೈವರನಿಗೆ ಹೇಳಿದೆ. ತೊಳೆದಿಟ್ಟಂಥ ಹೊಲಗಳ ನಡುವೆ ಒಂದು ಗಂಟೆಯ ಹೊತ್ತು ಸುಖವಾಗಿ ನಡೆದೆವು. ಎಡಕ್ಕೆ ಹೊಲದಂಚಿನಲ್ಲಿ ಒಂದು ಕಣ. ಕಣದ ತುಂಬ ಕೆಂಪು ಜಮಖಾನೆ ಹಾಸಿದಂತೆ ಮೆಣಸಿನಕಾಯಿ ಹರವಿದ್ದರು. ಹುಡುಗರು ನಿಂತು ಫೋಟೋ ತೆಗೆದುಕೊಳ್ಳತೊಡಗಿದರು. ಆಹಾ, ಇಂದ್ರಗೋಪದ ಹುಳುಗಳು ಮುತ್ತಿದ ನೆಲದಂತಿದೆ ಎಂದು ನಾನೊಂದು ಕವಿಸಮಯವನ್ನು ನೆನೆದುಕೊಂಡೆ. ಇಂದ್ರಗೋಪ ಕಾಣುವುದು ಮಳೆಗಾಲದ ಮೊದಲಲ್ಲಿ ಎಂಬುದು ನೆನಪಾಗುವಷ್ಟರಲ್ಲಿ ನನ್ನ ಕೈಮೇಲೆ ಒಂದು ದಪ್ಪ ಹನಿ ಬಿತ್ತು.

ತಲೆಯೆತ್ತಿ ನೋಡಿದರೆ ಮೂಡಣ ದಿಕ್ಕು ಮಸಿಯಾಗಿತ್ತು. ಕಣದಲ್ಲಿದ್ದವರು ಐದೇ ಜನ: ಒಬ್ಬ ಮುದುಕಿ, ಅವಳ ಮಗ, ಸೊಸೆ, ಇಬ್ಬರು ಚಿಕ್ಕ ಮಕ್ಕಳು. ಮುಂಜಾನೆಯ ಮಳೆಯಲ್ಲಿ ಗುಡ್ಡೆ ಹಾಕಿ ಮುಚ್ಚಿಟ್ಟಿದ್ದ ಕಾಯಿ ಒಳಗೊಳಗೇ ಬೆವರಿ ಬಿಸಿಯಾಗಿತ್ತು. ಹಾಗೆಯೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆಂದು, ಬಿಸಿಲು ಕಂಡೊಡನೆ ಹರವಿದ್ದರು. ಈಗ ಅದನ್ನು ಮತ್ತೆ ಗುಡ್ಡೆ ಮಾಡಬೇಕು. ಕರಿಯ ದಿನವಾದ್ದರಿಂದ ಕೂಲಿಗೆ ಒಬ್ಬರೂ ಬಂದಿರಲಿಲ್ಲ. ಮಗ ಒಂದು ಹಲಗೆಯಿಂದ ಕಾಯಿಯನ್ನು ಎಳೆಯುತ್ತಿದ್ದ. ಸೊಸೆ ಬುಟ್ಟಿಯಲ್ಲಿ ತುಂಬುತ್ತಿದ್ದಳು. ಮಕ್ಕಳು ಅಂಗೈಯಲ್ಲಿ ಹಿಡಿದಷ್ಟು ಹಿಡಿದು ಓಡುತ್ತಿದ್ದರು. ಅಷ್ಟಗಲದ ಕಣಕ್ಕೆ ಆ ಹತ್ತು ಕೈಗಳು ಯಾವ ಮೂಲೆಗೆ? ಮುದುಕಿ ನಮ್ಮ ಕಡೆ ತಿರುಗಿ ಕೂಗಿದಳು: “ಯಪ್ಪಾ, ನೋಡ್ಕೋಂತ ನಿಂತೀರೇನು? ಕೈ ಹಚ್ಚರ್ರೀ!”

ನನಗೆ ಕಾಲು ಏಳಲಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಡಲಾರೆ. ನನ್ನ ಸಂಗಡಿಗರೆಲ್ಲ ಕಣಕ್ಕೆ ಓಡಿದರು. ನಾನು ದಾರಿಯ ಮೇಲೆ ನಿಂತೇ ಇದ್ದೆ. ಆ ಮುದುಕಿಯ ಕೂಗಿನಲ್ಲಿ ನಾನು ಬೇರೊಂದು ಕೂಗನ್ನು ಕೇಳಿದ್ದೆ.

ನಾನು ನವಲಗುಂದದ ಕಡೆಯ ಎರೆಸೀಮೆಯ ಒಕ್ಕಲಿನ ಮನೆಯವನು. ಹತ್ತನೆಯ ಇಯತ್ತೆಯ ಪರೀಕ್ಷೆ ಹತ್ತಿರವಿದ್ದ ಒಂದು ಮಾರ್ಚ್ ತಿಂಗಳ ರಾತ್ರಿ, ಹಿಂಗಾರಿ ಜೋಳದ ರಾಶಿ ಕಣದಲ್ಲಿದ್ದಾಗ, ಇಂಥದೇ ಅಕಾಲದ ಮಳೆ ಬಂತು. ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತು ನನ್ನ ಹೆಸರು ಹಿಡಿದು ಕೂಗಿದ. ನಾನು ಎಚ್ಚರವಾಗಿಯೇ ಇದ್ದೆ. ಕಂಬಳಿ ಎಳೆದುಕೊಂಡು ನಿದ್ದೆ ಹತ್ತಿದವನಂತೆ ಮಲಗಿದೆ. ಅವ್ವ ಎಬ್ಬಿಸಲು ಬಂದಾಗ ಅಪ್ಪ ಹೇಳಿದ ಮಾತು ನನ್ನ ಕಿವಿಗೆ ಬಿತ್ತು: “ಓದಿ ದಣದಾನ, ಮಲಕ್ಕೊಳ್ಳಲಿ ಬಿಡು.” ಅವರಿಬ್ಬರೇ ಹೋದರು. ಅರ್ಧ ರಾಶಿ ನೆನೆದು ಜೋಳ ಕಪ್ಪಾಯಿತು. ಆ ವರುಷ ನಾವು ಆ ಕಪ್ಪು ಜೋಳದ ರೊಟ್ಟಿಯನ್ನೇ ತಿಂದೆವು. ಅಪ್ಪ ಆ ರಾತ್ರಿಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ನಾನು ಪರೀಕ್ಷೆಯಲ್ಲಿ ಒಳ್ಳೆಯ ಗುಣ ಪಡೆದೆ, ಮಾಸ್ತರನಾದೆ, ಅಪ್ಪ ತೀರಿಹೋದ. ನಾನು ಎಚ್ಚರವಿದ್ದೆನೆಂದು ಅವನಿಗೆ ಹೇಳಲೇ ಇಲ್ಲ. ಅವನಿಗೆ ಅದು ಆಗಲೇ ಗೊತ್ತಿತ್ತೆಂದು ಈಗೀಗ ತೋರುತ್ತದೆ.

ಇಷ್ಟನ್ನು ಹೇಳಲು ಹಿಡಿದ ಹೊತ್ತು ಅಂದು ನಿಂತದ್ದಕ್ಕೆ ಹಿಡಿದಿರಲಿಲ್ಲ. ನಾನೂ ಕಣಕ್ಕಿಳಿದೆ. ಮುದುಕಿಯದೇ ಅಧಿಕಾರ. “ಯಕ್ಕಾ, ಬುಟ್ಟಿ ನೀ ತಗೋ. ಏ ತಮ್ಮಾ, ಕಾಲಾಗ ತುಳೀಬ್ಯಾಡ, ಕಾಯಿ ಒಡೀತಾವು. ಮಾಸ್ತರ, ನೀವು ಈ ಕಡಿಂದ ಎಳೀರಿ” ಎಂದು ಇಪ್ಪತ್ತೆರಡು ಜನರನ್ನೂ ಗಳಿಗೆಯಲ್ಲಿ ಕೆಲಸಕ್ಕೆ ಹಚ್ಚಿದಳು. ಮೂವತ್ತು ವರುಷ ತರಗತಿ ನಡೆಸಿದ ನನಗೆ ಅಷ್ಟು ಬೇಗ ಒಂದು ತರಗತಿಯನ್ನು ಹದಕ್ಕೆ ತರಲು ಬಂದಿಲ್ಲ. ಬುಟ್ಟಿ ಸಾಲಲಿಲ್ಲ, ದರ್ಜಿ ತನ್ನ ಮೇಲಂಗಿ ಬಿಚ್ಚಿ ಅದರಲ್ಲೇ ತುಂಬಿ ಹೊತ್ತ. ಅಕ್ಕೋರು ಸೆರಗು ಸಿಕ್ಕಿಸಿ ಗೋಣಿತಟ್ಟಿನ ಎರಡು ತುದಿ ಹಿಡಿದರು. ಎಲ್ಲರೂ ಸೀನುವವರೇ, ಕೆಮ್ಮುವವರೇ. ಕಣ್ಣಿಗೆ ಕೈ ಹಚ್ಚಿದ ಹುಡುಗನೊಬ್ಬ ಅತ್ತುಕೊಂಡೇ ಬುಟ್ಟಿ ಹೊತ್ತ. ಕಾಲು ಗಂಟೆಯಲ್ಲಿ ಕಣದ ನಡುವೆ ಎದೆಯೆತ್ತರದ ಗುಡ್ಡೆ ಎದ್ದಿತು. ಆದರೆ ಅಷ್ಟರಲ್ಲಿ ಮಳೆಯೂ ಬಿರುಸಾಯಿತು. ರೈತನ ಬಳಿ ಇದ್ದ ಎರಡು ತಾಡಪತ್ರಿಗಳಲ್ಲಿ ಒಂದು ಗಾಳಿಗೆ ನಡುವೆಯೇ ಸೀಳಿತು.

ಆಗ ಎಲ್ಲರ ಕಣ್ಣೂ ಬಸ್ಸಿನ ತಲೆಯ ಮೇಲೆ ಹೋಯಿತು. ಅಲ್ಲಿ ದೊಡ್ಡ ತಾಡಪತ್ರಿಯ ಕೆಳಗೆ ನಮ್ಮ ಚೀಲಗಳು, ಹಾಸಿಗೆ, ಬಟ್ಟೆ, ಊರಿಗೆಂದು ಕೊಂಡ ಸಾಮಾನು ಎಲ್ಲ ಒಣಗಿಕೊಂಡಿದ್ದವು. ಯಾರೂ ಮಾತಾಡಲಿಲ್ಲ. ತಾಡಪತ್ರಿ ನಮ್ಮದಲ್ಲ, ಬಸ್ಸಿನ ಮಾಲೀಕರದು. ಅದರ ಕೆಳಗಿನದು ನಮ್ಮದು. ಕೊಡು ಎಂದು ಹೇಳುವ ಅಧಿಕಾರ ಯಾರಿಗೆ? ನಾನು ಬ್ಯಾಂಕಿನವರ ಮುಖ ನೋಡಿದೆ. ಅವರ ಚೀಲದಲ್ಲಿ ಮೂರು ದಿನದ ಲೆಕ್ಕದ ಪುಸ್ತಕವಿತ್ತು. ಅವರು ಒಂದು ಕ್ಷಣ ಸುಮ್ಮನಿದ್ದು, “ಬಟ್ಟಿ ನಾಳೆ ಒಣಗತಾವ್ರಿ. ಇದು ಒಣಗೂದುಲ್ಲ” ಎಂದರು. ಅವರ ಮಾತು ಮುಗಿಯುವ ಮೊದಲೇ ಡ್ರೈವರನು ಏಣಿ ಹತ್ತಿ ಹಗ್ಗ ಬಿಚ್ಚುತ್ತಿದ್ದ. “ಮಾಲೀಕರಿಗೆ ನಾ ಹೇಳ್ತೀನಿ. ನೀವು ಕೆಳಗ ಹಿಡೀರಿ” ಎಂದು ಮೇಲಿನಿಂದ ಎಸೆದ. ಆರು ಜನ ಅದನ್ನು ಹಿಡಿದು ಗುಡ್ಡೆಯ ಮೇಲೆ ಎಳೆದು, ಅಂಚಿಗೆಲ್ಲ ಕಲ್ಲು ಹೇರಿ, ಸುತ್ತ ಮಣ್ಣಿನ ಬದು ಕಟ್ಟಿ ನೀರು ಹೊರಳಿಸಿದೆವು. ಆಮೇಲೆ ಮಳೆ ನಿಜವಾಗಿ ಬಂತು.

ಬಸ್ಸಿನ ಒಳಗೆ ಆ ಮನೆಯವರನ್ನೂ ಕೂರಿಸಿಕೊಂಡು ಮುಕ್ಕಾಲು ಗಂಟೆ ಕಾದೆವು. ಮೆಣಸಿನಕಾಯಿಯ ಬಾಳು ಎಷ್ಟು ಸೂಕ್ಷ್ಮವೆಂದು ಆ ರೈತ ಹೇಳಿದ. ಮಳೆಗಾಲದಲ್ಲಿ ಸಸಿ ಹಚ್ಚಿದರೆ ಕಾಯಿ ಬಿಡಿಸಲು ಡಿಸೆಂಬರು, ಜನವರಿ ಬರಬೇಕು. ಅದೂ ಒಂದೇ ಸಲಕ್ಕಲ್ಲ, ಹಣ್ಣಾದಂತೆಲ್ಲ ಬಿಡಿಸಬೇಕು. ಬಿಡಿಸಿದ್ದನ್ನು ದಿನವೂ ಹರವಿ, ರಾತ್ರಿ ಮುಚ್ಚಿ, ಮತ್ತೆ ಹರವಿ ಒಣಗಿಸಬೇಕು. ಈ ನಡುವೆ ಒಮ್ಮೆ ನೆನೆದರೆ ಕೆಂಪು ಇಳಿದು ಕಾಯಿಯ ಮೇಲೆ ಬಿಳಿ ಮೂಡುತ್ತದೆ. ಅದಕ್ಕೆ ಬಿಳಿಗಾಯಿ ಎನ್ನುತ್ತಾರೆ. ಬಣ್ಣಕ್ಕಾಗಿಯೇ ಕೊಳ್ಳುವ ಕಾಯಿಗೆ ಬಣ್ಣ ಹೋದರೆ ಬೆಲೆಯೆಲ್ಲಿಯದು? ಬೂಷ್ಟು ಬಂದರಂತೂ ಅದರಲ್ಲಿ ವಿಷವೇ ಹುಟ್ಟುತ್ತದೆ. ಆ ಕಣದಲ್ಲಿದ್ದದ್ದು ಸುಮಾರು ಇಪ್ಪತ್ತು ಚೀಲದ ಮಾಲು. ಬೀಜ, ಗೊಬ್ಬರ, ಔಷಧಿಯ ಅಂಗಡಿಯ ಬಾಕಿ ತೀರಬೇಕಾದದ್ದು ಅದರಿಂದಲೇ. ಇಷ್ಟನ್ನು ಆತ ಯಾರೋ ಬೇರೆಯವರ ಸಂಗತಿಯೆಂಬಂತೆ ಸಾವಕಾಶವಾಗಿ ಹೇಳಿದ. ಮುದುಕಿ ಮಾತ್ರ ಕಿಟಕಿಯಿಂದ ಕಣ್ಣು ಕೀಳಲಿಲ್ಲ.

ಮಳೆ ತಗ್ಗಿದಾಗ ಎದ್ದೆವು. ತಾಡಪತ್ರಿಯನ್ನು ತೆಗೆಯುವ ಮಾತನ್ನು ಯಾರೂ ಆಡಲಿಲ್ಲ. ರೈತ ತಾನೇ ಆ ಮಾತೆತ್ತಿದ. ಡ್ರೈವರನು ಕೇಳಿಸದವನಂತೆ ಬಸ್ಸು ಚಾಲೂ ಮಾಡಿದ. ಮುದುಕಿ ಒಬ್ಬೊಬ್ಬರ ಕೈಗೂ ಒಂದೊಂದು ಬೊಗಸೆ ಮೆಣಸಿನಕಾಯಿ ಹಾಕಿದಳು. ಬೇಡವೆಂದರೆ ಕೇಳಲಿಲ್ಲ. “ಕರಿ ದಿನಾ ಬರಿಗೈಲೆ ಕಳಿಸಬಾರ್ದು” ಎಂದಳು. ಕರಿಗೆ ಅಂಥ ಶಾಸ್ತ್ರವೊಂದು ಇದೆಯೆಂದು ನಾನು ಎಲ್ಲಿಯೂ ಓದಿಲ್ಲ. ಅವಳು ಆಗಲೇ ಹುಟ್ಟಿಸಿದ್ದಿರಬೇಕು. ಒಳ್ಳೆಯ ಶಾಸ್ತ್ರವೇ.

ಕಾಗಿನೆಲೆಗೆ ನಾವು ನಡೆದು ಹೋಗಲಿಲ್ಲ. ಹೊತ್ತು ಮೀರಿತ್ತು, ಬಸ್ಸಿನಲ್ಲೇ ಹೋದೆವು. ಆದಿಕೇಶವನ ಮುಂದೆ ಕೈ ಜೋಡಿಸಿದಾಗ ಅಂಗೈ ಬೆಂಕಿಯಂತೆ ಉರಿಯುತ್ತಿತ್ತು. ಬಾಡದಲ್ಲಿ ಹುಟ್ಟಿ ಕಾಗಿನೆಲೆಯನ್ನು ನೆಚ್ಚಿಕೊಂಡ ಕನಕದಾಸರು ಬರೆದ ‘ರಾಮಧಾನ್ಯಚರಿತ್ರೆ’ಯನ್ನು ನಾನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಭತ್ತಕ್ಕೂ ರಾಗಿಗೂ ಯಾರು ಮೇಲೆಂದು ವಾದ ಹತ್ತುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಕಂದುತ್ತದೆ, ರಾಗಿ ಹಾಗೆಯೇ ಉಳಿಯುತ್ತದೆ. ರಾಘವನ ಹೆಸರು ಅದಕ್ಕೆ ಸಲ್ಲುತ್ತದೆ. ಬಡವರ ಧಾನ್ಯದ ಗೆಲುವು ಇದು, ಮೇಲುಕೀಳೆಂಬ ಭ್ರಮೆಗೆ ಕವಿ ಹೇಳಿದ ಉತ್ತರ ಇದು ಎಂದು ಹುಡುಗರಿಗೆ ಟಿಪ್ಪಣಿ ಬರೆಸಿದ್ದೇನೆ. ಅದು ಸರಿಯೇ. ಆದರೆ ಧಾನ್ಯ ಕೆಡುತ್ತದೆ, ಅದನ್ನು ಕಾಪಾಡಲು ಯಾರೋ ಎದ್ದು ಓಡಬೇಕಾಗುತ್ತದೆ ಎಂಬ ಸಂಗತಿ ಆ ಕಾವ್ಯದ ಬುಡದಲ್ಲಿದೆಯೆಂದು ನನಗೆ ಹೊಳೆದದ್ದು ಅಂದು ಮಾತ್ರ. ಮಳೆಬೆಳೆಗಳನ್ನು ಬಲ್ಲವರ ನಡುವೆ ಬಾಳಿದ ಕವಿಗೆ ಅದನ್ನು ಬೇರೆಯಾಗಿ ಹೇಳುವ ಅಗತ್ಯ ಕಂಡಿರಲಿಕ್ಕಿಲ್ಲ.

ಹಾವೇರಿಯನ್ನು ಮುಟ್ಟಿದಾಗ ರಾತ್ರಿ ಎಂಟೂವರೆ. ಪುರಸಿದ್ಧೇಶ್ವರನ ಗುಡಿಯನ್ನು ನೋಡಬೇಕೆಂದಿದ್ದೆವು. ಚಾಲುಕ್ಯರ ಕಾಲದ ಗುಡಿಗಳು ಸಾಮಾನ್ಯವಾಗಿ ಮೂಡಲಿಗೆ ಮುಖವಾಗಿದ್ದರೆ ಇದು ಪಡುವಲಿಗೆ ಮುಖವಾಗಿದೆ. ಸಂಜೆಯ ಬಿಸಿಲು ಅದರ ಮುಖದ ಮೇಲೆ ಬೀಳುವುದನ್ನು ನೋಡುವ ಆಸೆಯಿತ್ತು. ಬಿಸಿಲೂ ಇಲ್ಲ, ಸಂಜೆಯೂ ಇಲ್ಲ. ಇನ್ನೊಂದು ಉದ್ದೇಶ, ಹಾವೇರಿಯ ಹೆಸರುವಾಸಿಯಾದ ಏಲಕ್ಕಿ ಹಾರವೊಂದನ್ನು ಕೊಂಡು, ನಮ್ಮಲ್ಲೆಲ್ಲ ಹಿರಿಯರಾದ ಅಂಚೆಯಣ್ಣನಿಗೆ ಹಾಕಿ ಪ್ರವಾಸವನ್ನು ಮುಗಿಸುವುದು. ಮಳೆಯ ರಾತ್ರಿ, ಅಂಗಡಿ ಮುಚ್ಚಿತ್ತು. “ಇರ್ಲಿ ಬಿಡ್ರಿ. ಏಲಕ್ಕಿ ವಾಸನಿ ನಾಲ್ಕು ದಿನಾ. ಈ ವಾಸನಿ ಎಂಟು ದಿನಾ ಹೋಗೂದುಲ್ಲ” ಎಂದು ಅಂಚೆಯಣ್ಣ ತಮ್ಮ ಅಂಗೈಯನ್ನು ಮೂಸಿ ನೋಡಿಕೊಂಡರು, ಕೂಡಲೇ ಮೂರು ಸಲ ಸೀನಿದರು. ಬಸ್ಸೆಲ್ಲ ನಕ್ಕಿತು. ಬೆಳಗಿನಿಂದ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಊರಿಗೆ ಬಂದು ಚೀಲ ಬಿಚ್ಚಿದಾಗ ಒಣಗಿದ ಬಟ್ಟೆ ಯಾರ ಚೀಲದಲ್ಲಿಯೂ ಇರಲಿಲ್ಲ. ಬ್ಯಾಂಕಿನವರ ಲೆಕ್ಕದ ಪುಸ್ತಕದಲ್ಲಿ ಶಾಯಿಯೆಲ್ಲ ಹರಡಿ ಮೂರನೆಯ ದಿನದ ಪುಟ ಓದಲು ಬಾರದಂತಾಗಿತ್ತು. ನೆನಪಿದ್ದಷ್ಟನ್ನು ಬರೆದು, ಉಳಿದದ್ದಕ್ಕೆ ಗೀಟು ಎಳೆದು, ತಾಡಪತ್ರಿಯ ಬೆಲೆಯನ್ನು ಎಲ್ಲರಿಗೂ ಸಮನಾಗಿ ಹಂಚಿದರು. ಹದಿನೈದು ದಿನಗಳ ಮೇಲೆ ಆ ರೈತ ಫೋನು ಮಾಡಿದ: “ಸರ್, ಇಪ್ಪತ್ತರಾಗ ಮೂರು ಚೀಲ ಬಿಳಿಗಾಯಿ ಆತ್ರಿ. ಉಳದದ್ದು ಬಣ್ಣಾ ಹಿಡಕೊಂಡೈತಿ. ನಿಮ್ಮ ತಾಡಪತ್ರಿ ಯಾವಾಗ ಕಳಸ್ಲಿ?” ಎಂದ. ಬೆಲೆ ಎಷ್ಟು ಬಂತೆಂದು ನಾನು ಕೇಳಲಿಲ್ಲ, ಆತನೂ ಹೇಳಲಿಲ್ಲ. ನಾವು ಉಳಿಸಿದ್ದು ಮಳೆಯಿಂದ ಮಾತ್ರ. ಪೇಟೆಯಲ್ಲಿ ಬೆಲೆ ಬೀಳುವುದೂ ಒಂದು ಬಗೆಯ ಮಳೆಯೇ. ಅದಕ್ಕೆ ಹೊದಿಸುವ ತಾಡಪತ್ರಿ ಇಪ್ಪತ್ತೆರಡು ಜನರ ಕೈಗೆ ಸಿಗುವಂಥದಲ್ಲ.

ನಾನು ಅಪ್ಪನ ಸಾಲವನ್ನು ತೀರಿಸಿದೆನೆಂದು ಹೇಳಿದರೆ ಅದು ಕಥೆಗೆ ಒಪ್ಪುವ ಮಾತಾದೀತು, ನಿಜವಾಗಲಾರದು. ಒಂದು ಕಣದ ಸಾಲವನ್ನು ಇನ್ನೊಂದು ಕಣದಲ್ಲಿ ತೀರಿಸಲು ಬರುವುದಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಮುಂಜಾನೆ ಬಸ್ಸಿನಲ್ಲಿ ಬ್ಯಾಂಕಿನವರು ಕೇಳಿದ್ದರಲ್ಲ, ‘ಅವರ ನಡಿಗೆಗೆ ಒಂದು ಕಾರಣ ಇತ್ತು’ ಎಂದು, ನಮ್ಮ ನಡಿಗೆಗೂ ಅಂದು ಒಂದು ಕಾರಣ ದಾರಿಯಲ್ಲಿ ಸಿಕ್ಕಿತು. ಬಸ್ಸಿನಲ್ಲೇ ಹೋಗಿದ್ದರೆ ಕಿಟಕಿಯಿಂದ ಕೆಂಪು ಜಮಖಾನೆಯನ್ನು ನೋಡಿ ಮುಂದೆ ಸಾಗುತ್ತಿದ್ದೆವು.

ನೀವು ಈ ಮಾತನ್ನು ಮನೆಯಲ್ಲಿ ಕುಳಿತು ಕೇಳುತ್ತಿರುವಾಗಲೋ ಓದುತ್ತಿರುವಾಗಲೋ, ಮಾಗಿಯಲ್ಲಿ ಒಂದು ಅಕಾಲದ ಮಳೆ ಬಂದೀತು. ‘ಆಹಾ, ತಂಪಾಯಿತು, ಮಿರ್ಚಿ ಭಜಿ ಮಾಡು’ ಎನ್ನಲು ನಾಲಿಗೆ ತುಡಿಯುತ್ತದೆ. ಅದರಲ್ಲಿ ತಪ್ಪಿಲ್ಲ, ಮಾಡಿಸಿ ತಿನ್ನಿ. ಆದರೆ ಅದೇ ಹೊತ್ತಿಗೆ ಎಲ್ಲಿಯೋ ಒಂದು ಕಣದಲ್ಲಿ ಯಾರೋ ಯಾರನ್ನೋ ಹೆಸರು ಹಿಡಿದು ಕೂಗುತ್ತಿರುತ್ತಾರೆಂಬುದು ನೆನಪಿರಲಿ. ಆ ಕೂಗು ನಿಮ್ಮ ಕಿವಿಗೆ ಬೀಳುವಷ್ಟು ಹತ್ತಿರ ನೀವು ಇದ್ದರೆ, ಎಚ್ಚರವಿದ್ದೂ ಮಲಗಿರಬೇಡಿ. ನಮ್ಮ ಬಳಗದ ಪ್ರವಾಸದ ಸಾಮಾನಿನ ಪಟ್ಟಿಯಲ್ಲಿ ಈಗ ಔಷಧಿಯ ಪೆಟ್ಟಿಗೆಯ ಕೆಳಗೆ ಹೊಸದೊಂದು ಸಾಲು ಸೇರಿದೆ: ಹೆಚ್ಚಿನ ತಾಡಪತ್ರಿ, ಒಂದು.